ನಾಲ್ವರ ಬೆಂಚು

ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದ ಭುವನೇಶ್ವರಿಗೆ ಓದಲು ಬರುತ್ತಿರಲಿಲ್ಲ. ಕನ್ನಡವಾದರೆ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಹೇಗೋ ದಾಟುತ್ತಿದ್ದಳು. ಇಂಗ್ಲಿಷ್ ಬಂದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಪರೀಕ್ಷೆಯ ದಿನ ಕಿಟಕಿಯಿಂದ ಚೀಟಿ ಬಿದ್ದಿದ್ದವು. ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ ಆ ಗೆರೆಗಳನ್ನು ಹಾಳೆಗೆ ಇಳಿಸಿ ಬಂದಿದ್ದಳು. ಎಲ್ಲರೂ ಹಾಗೇ ಮಾಡಿದ್ದರಿಂದ ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಅಪ್ಪ ಎರ್ರಿಯಪ್ಪ ಊರಿಗೆಲ್ಲ ಪೇಡೆ ಹಂಚಿ, ಮಗಳಿಗೆ ಚೋರನೂರಿಂದ ಸಂಡೂರಿಗೆ ಬಸ್ ಪಾಸ್ ಮಾಡಿಸಿದ.

ಗಣಿ ಮಾಲೀಕರೊಬ್ಬರು ಸಂಡೂರಿನ ಹೊರಗೆ ಹಳೆಯ ಗೋದಾಮಿನಲ್ಲಿ ತೆರೆದ ಡಿಗ್ರಿ ಕಾಲೇಜು ಅದು. ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ. ಗೋದಾಮಿನ ಮುಂದಿನ ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಮಧ್ಯಾಹ್ನಕ್ಕೆ ಕೆಂಪು ಪುಡಿ ಕೂತಿರುತ್ತಿತ್ತು.

ಇಂಗ್ಲಿಷ್ ಕಲಿಸಲು ಹೊಸಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು ಇಂದಿರಾಬಾಯಿ. ಕಾಯಂ ನೌಕರಿಯಲ್ಲ, ವರ್ಷವರ್ಷವೂ ಹೊಸದಾಗಿ ಕರೆಯುತ್ತಿದ್ದರು. ಮೊದಲ ದಿನ ಅವರು ಭುವನೇಶ್ವರಿಯನ್ನು ಎಬ್ಬಿಸಿ ಒಂದು ಸಾಲು ಓದಲು ಹೇಳಿದರು. ಅವಳು ಪುಸ್ತಕ ಹಿಡಿದು ನಿಂತೇ ಇದ್ದಳು. ಹಿಂದಿನಿಂದ ಯಾರೋ ಕಿಸಕ್ಕೆಂದ. ಇಂದಿರಾಬಾಯಿ ಅವನನ್ನೂ ಎಬ್ಬಿಸಿದರು. ಅವನಿಗೂ ಬರಲಿಲ್ಲ. ಗಂಟೆ ಮುಗಿಯುವಷ್ಟರಲ್ಲಿ ಇಡೀ ಕ್ಲಾಸು ಎದ್ದು ನಿಂತು ಕೂತಿತ್ತು, ಒಂದು ಪುಟವೂ ಮುಗಿದಿರಲಿಲ್ಲ.

ಮರುವಾರ ಅವರು ಮೂರನೇ ಈಯತ್ತೆಯ ಪುಸ್ತಕ ತಂದರು. "ಕಾಲೇಜು ಸುರು ಆಗೂ ಮುಂಚೆ ಒಂದು ತಾಸು ಬರ್ರಿ. ಬುಡದಿಂದ ಕಲಿಯೋಣ. ಇದರಾಗ ನಾಚಿಕೆ ಏನೂ ಇಲ್ಲ."

ನಾಚಿಕೆ ಇತ್ತು. "ನಾವೇನು ಸಣ್ಣ ಹುಡುಗ್ರೇನ್ರೀ ಮೇಡಂ?" ಎಂದು ಬಹಳ ಮಂದಿ ಆ ಕಡೆ ತಲೆಹಾಕಲಿಲ್ಲ. ಬಂದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಉಳಿದವರು ನಾಲ್ವರು. ಭುವನೇಶ್ವರಿ, ಮದುವೆಯಾಗಿ ಒಂದು ಕೂಸಿದ್ದ ಉಚ್ಚೆಂಗಮ್ಮ, ಮಾತೇ ಆಡದ ಮೂಕಣ್ಣ, ಸಂಜೆ ಹೊತ್ತು ಲಾರಿ ತೊಳೆಯುತ್ತಿದ್ದ ಮಾರೇಶ. ಎಷ್ಟು ತಿಕ್ಕಿದರೂ ಮಾರೇಶನ ಉಗುರು ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಮೊದಲ ದಿನ ನಕ್ಕವನು ಅವನೇ.

ಇಂದಿರಾಬಾಯಿ ನಾಲ್ವರನ್ನೂ ಒಂದೇ ಬೆಂಚಿಗೆ ಕೂರಿಸಿ ಒಂದು ಕಟ್ಟಳೆ ಹಾಕಿದರು. ಒಬ್ಬರಿಗೆ ತಿಳಿಯದಿದ್ದರೆ ಉಳಿದವರು ತಮ್ಮ ಮಾತಿನಲ್ಲೇ ತಿಳಿಸಿಕೊಡಬೇಕು. ನಾಲ್ವರಿಗೂ ತಿಳಿಯುವ ತನಕ ಪುಟ ತಿರುಗಿಸುವಂತಿಲ್ಲ.

ಆ ಬೆಂಚಿನ ಮೇಲೆ ವಾರಗಟ್ಟಲೆ ಪುಟ ತಿರುಗಲಿಲ್ಲ. ಆಗಿಹೋದದ್ದು, ಆಗುತ್ತಿರುವುದು, ಆಗಲಿರುವುದು ಇಂಗ್ಲಿಷಿನಲ್ಲಿ ಹೇಗೆ ಬೇರೆ ಬೇರೆ ಎಂಬುದೇ ಉಚ್ಚೆಂಗಮ್ಮನ ತಲೆಗೆ ಹತ್ತಲಿಲ್ಲ. ಒಂದು ಮುಂಜಾನೆ ಮಾರೇಶ ಅವಳನ್ನು ಕೈಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದ.

"ಅಕ್ಕ, ಅಲ್ನೋಡು. ಆ ಲಾರಿ ಹೋತು. ಈ ಲಾರಿ ಹೊಂಟೈತಿ. ಹಿಂದ ನಿಂತೈತಲ್ಲ, ಅದು ಆಮ್ಯಾಲ ಹೋಗ್ತೈತಿ, ಇನ್ನಾ ಹೋಗಿಲ್ಲ. ತಿಳೀತಾ?"

"ಇಷ್ಟಾ ಏನು? ಅದನ್ನ ಮೊದ್ಲಾ ಹೇಳ್ಬಾರದಾಗಿತ್ತೇನಲೇ!" ಎಂದಳು ಉಚ್ಚೆಂಗಮ್ಮ. ಮೂಕಣ್ಣ ಕೂಡ ನಕ್ಕ.

ಮಳೆಗಾಲ ಕಳೆಯುವ ಹೊತ್ತಿಗೆ ಅವರು ನಾಲ್ಕೈದು ಈಯತ್ತೆಯ ಪುಸ್ತಕ ದಾಟಿ ಬಂದಿದ್ದರು. ಒಂದು ದಿನ ಬಸ್ಸಿನಲ್ಲಿ ಕೂತಿದ್ದ ಭುವನೇಶ್ವರಿ ಮುಂದಿನ ಲಾರಿಯ ಬೆನ್ನಿಗೆ ಬರೆದಿದ್ದನ್ನು ಥಟ್ಟನೆ ಓದಿಬಿಟ್ಟಳು. ಓದಬೇಕೆಂದು ನೋಡಿರಲಿಲ್ಲ, ತಾನಾಗಿಯೇ ಓದಿಸಿಕೊಂಡಿತು. ಯಾರಿಗಾದರೂ ಹೇಳೋಣವೆಂದು ಸುತ್ತ ನೋಡಿದಳು. ಪಕ್ಕದವಳು ಸೆರಗು ಮುಖಕ್ಕೆ ಎಳೆದುಕೊಂಡು ನಿದ್ದೆಹೋಗಿದ್ದಳು.

ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಚೀಟಿ ಎಲ್ಲಿಂದ ಬರುತ್ತದೆ, ಯಾರು ಎಸೆಯುತ್ತಾರೆ, ಯಾವ ಮೇಷ್ಟ್ರು ಆಗ ಹೊರಗೆ ಹೋಗಿ ನಿಲ್ಲುತ್ತಾರೆ ಎಂಬುದೆಲ್ಲ ಕಾಲೇಜಿನಲ್ಲಿ ಆಗಲೇ ಗೊತ್ತಾಗಿತ್ತು. ರಿಸಲ್ಟ್ ಚೆನ್ನಾಗಿ ಬರುವುದು ಆಡಳಿತದವರಿಗೂ ಬೇಕಾಗಿತ್ತು. ಇಂದಿರಾಬಾಯಿ ಬೆಂಚಿನ ಮುಂದೆ ನಿಂತು, "ನಾನು ಏನೂ ಹೇಳಂಗಿಲ್ಲ. ನಿಮಗ ಹ್ಯಾಂಗ ಅನಸ್ತದೋ ಹಂಗ ಮಾಡ್ರಿ," ಎಂದರು.

"ಚೀಟಿ ಬ್ಯಾಡ," ಎಂದು ಮೊದಲು ಹೇಳಿದವನು ಮಾರೇಶ. "ಎಷ್ಟು ಬರ್ತೈತೋ ಅಷ್ಟಾ ಬರಿಯೋಣು. ಒಂದ್ಸಲನಾದ್ರೂ ನಮ್ದು ನಾವು ಬರದು ನೋಡಬೇಕಲೇ."

ನಾಲ್ವರೂ ಬೆಂಚಿನ ಮೇಲೆ ಕೈಯಿಟ್ಟು ಮಾತುಕೊಟ್ಟುಕೊಂಡರು.

ಇಂಗ್ಲಿಷ್ ಪರೀಕ್ಷೆಯ ದಿನ ಮಾರೇಶನ ಜಾಗ ಭುವನೇಶ್ವರಿಯ ಎಡಗಡೆಗೇ ಬಂತು. ನಡುವೆ ಒಂದು ಕೈಯಳತೆ ಅಂತರ. ಅರ್ಧ ಹೊತ್ತು ಕಳೆದ ಮೇಲೆ ಚೀಟಿಗಳು ಬಿದ್ದವು. ಮಾರೇಶನ ಕಾಲ ಬಳಿಯೂ ಒಂದು ಬಿತ್ತು. ಅವನು ಅದನ್ನು ಚಪ್ಪಲಿಯಿಂದ ದೂರ ತಳ್ಳಿದ್ದನ್ನು ಅವಳು ನೋಡಿದಳು. ಅವಳ ಪೆನ್ನು ಓಡುತ್ತಿತ್ತು. ತಪ್ಪೋ ಒಪ್ಪೋ, ಪ್ರತಿ ಮಾತೂ ಅವಳದೇ ಆಗಿತ್ತು.

ಆಮೇಲೆ ಅವನು ಬರೆಯುವುದನ್ನು ನಿಲ್ಲಿಸಿದ. ಪ್ರಬಂಧದ ಜಾಗ ಖಾಲಿ ಇತ್ತು. ಅವನ ಹಣೆಯ ಮೇಲೆ ಬೆವರಿತ್ತು. ಅವನು ಅವಳ ಕಡೆ ತಿರುಗಿ ಅವಳ ಹಾಳೆಯನ್ನು ನೋಡಿದ. ಬೆಂಚಿನ ಮೇಲೆ ತಿಳಿಯದಿದ್ದಾಗ ನೋಡುತ್ತಿದ್ದ ನೋಟವೇ ಅದು. ಹೀಗೆ ನೋಡಿದಾಗಲೆಲ್ಲ ಅವಳು ಪುಸ್ತಕವನ್ನು ಅವನತ್ತ ಸರಿಸುತ್ತಿದ್ದಳು.

ಭುವನೇಶ್ವರಿ ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟಳು.

ಯಾಕಿಟ್ಟಳೆಂದು ಅವಳಿಗೇ ಆಗ ಗೊತ್ತಿರಲಿಲ್ಲ. ಕೊಟ್ಟ ಮಾತು ನೆನಪಿಗೆ ಬಂತು ಎಂದು ಆಮೇಲೆ ಉಚ್ಚೆಂಗಮ್ಮನಿಗೆ ಹೇಳಿದಳು. ಅದು ಪೂರ್ತಿ ನಿಜವಲ್ಲ. ಹುಟ್ಟಿದಾಗಿನಿಂದ ಅವಳದು ಅನ್ನುವಂಥದ್ದು ಏನೂ ಇರಲಿಲ್ಲ. ಈಗ ಆ ಹಾಳೆ ಇತ್ತು. ಮಾರೇಶ ಎದ್ದು, ಹಾಳೆ ಕೊಟ್ಟು ಹೊರಗೆ ಹೋದ.

ಚೀಟಿ ನೋಡಿ ಬರೆದವರೆಲ್ಲ ಪಾಸಾದರು. ಬೆಂಚಿನ ಮೂವರು ಅಂಚಿನಲ್ಲಿ ಪಾಸಾದರು. ಮಾರೇಶ ಫೇಲಾದ.

ಅವನು ಬರುವುದು ನಿಂತುಹೋಯಿತು. ಭುವನೇಶ್ವರಿ ಮತ್ತು ಉಚ್ಚೆಂಗಮ್ಮ ಹುಡುಕಿಕೊಂಡು ಅದಿರು ತುಂಬುವ ಬಯಲಿಗೆ ಹೋದರು. ಅವನು ಟಿಪ್ಪರ್ ಓಡಿಸುತ್ತಿದ್ದ. ಲೈಸೆನ್ಸ್ ಇರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಕೆಳಗಿಳಿದು ಬಂದ. ರೆಪ್ಪೆಯ ಮೇಲೂ ಪುಡಿ ಕೂತಿತ್ತು.

"ಮತ್ತ ಪರೀಕ್ಷೆಗೆ ಕಟ್ಟಿದ್ರ ಆತು ಬಾರಲೇ," ಎಂದಳು ಉಚ್ಚೆಂಗಮ್ಮ. "ಒಂದಾ ಸಬ್ಜೆಕ್ಟು. ಎಲ್ಲಾರೂ ಕುಂತು ಓದಸ್ತೀವಿ."

"ಬ್ಯಾಡಕ್ಕ. ಇಲ್ಲೇ ಆರಾಮ ಐತಿ."

"ಮಾರೇಶ, ಅವತ್ತು ನಾನು—" ಎಂದಳು ಭುವನೇಶ್ವರಿ.

"ನೀ ಮಾಡಿದ್ದು ಖರೇ ಐತಿ ಬಿಡು. ಮಾತು ಕೊಟ್ಟಿದ್ವಿ." ಅವನು ನಗಲು ನೋಡಿದ. "ಆದ್ರ ಭುವನಿ, ನಾಕು ಮಂದಿಗೂ ತಿಳಿಯೂತನ ಹಾಳಿ ತಿರಗಸಬಾರ್ದು ಅಂತನೂ ಇತ್ತಲ್ಲ. ಯಾವ ಮಾತು ದೊಡ್ಡದು ಅಂತ ನಂಗ ಇನ್ನಾ ತಿಳಿದಿಲ್ಲ ನೋಡು."

ಹಿಂದಿನ ಟಿಪ್ಪರ್ ಹಾರ್ನ್ ಹೊಡೆಯಿತು. ಅವನು ಹತ್ತಿ ಹೋದ.

ದೀಪಾವಳಿ ಕಳೆದ ಮೇಲೆ ಗುಡ್ಡದ ತಿರುವಿನಲ್ಲಿ ಅವನ ಟಿಪ್ಪರ್ ಮಗುಚಿತು. ಜೀವ ಉಳಿಯಿತು. ಬಳ್ಳಾರಿ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಅವನು ತಮ್ಮ ಡ್ರೈವರೇ ಅಲ್ಲ, ಸುಮ್ಮನೆ ಹತ್ತಿದ ಹುಡುಗ ಎಂದು ಗಾಡಿಯವರು ಕೈತೊಳೆದುಕೊಂಡರು.

ಸುದ್ದಿ ಕೇಳಿದ ದಿನ ಇಂದಿರಾಬಾಯಿ ಪಾಠ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, "ಅವನ ಕಡೆ ಹೋಗ್ರಿ. ಬೆಂಚು ಅಲ್ಲಿಗೇ ಒಯ್ಯಿರಿ," ಎಂದಷ್ಟೇ ಹೇಳಿದರು. ಒಮ್ಮೆ ಅವರೂ ಅವನ ಮನೆಗೆ ಬಂದರು. ಮಾರೇಶ ಅವರೊಡನೆ ಮಾತಾಡಲಿಲ್ಲ. ಮುಂದಿನ ವರ್ಷಕ್ಕೆ ಕಾಲೇಜಿನವರು ಅವರನ್ನು ಕರೆಯಲಿಲ್ಲ. ರಿಸಲ್ಟ್ ಕೆಡಿಸುವ ಮೇಡಂ ಎಂಬ ಮಾತು ಆಫೀಸಿನಿಂದ ಹೊರಬಂದಿತ್ತು. ಹೊಸಪೇಟೆಯಲ್ಲಿ ಮನೆಪಾಠ ಹೇಳುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಮೂವರು ಮಾತ್ರ ಪ್ರತಿ ಭಾನುವಾರ ಅವನ ಬಳಿ ಹೋಗುವುದನ್ನು ತಪ್ಪಿಸಲಿಲ್ಲ. ಸಂಡೂರಿನ ಹೊರಗಿನ ಕಾಲೋನಿಯಲ್ಲಿ, ತಗಡಿನ ಮನೆಯಲ್ಲಿ, ಮಾರೇಶ ಮಲಗಿದ್ದ ಹೊರಸಿನ ಪಕ್ಕ ಚಾಪೆ ಹಾಸಿಕೊಂಡು ಓದುತ್ತಿದ್ದರು. ಅವನ ತಾಯಿ ಜಂಬವ್ವ ಚಹಾ ಕೊಡುತ್ತಿದ್ದಳು. ಓದುತ್ತಿದ್ದವರು ಸಾಲು ಮುಗಿದಾಗ ತಡೆದು, "ತಿಳೀತಾ ಮಾರೇಶ?" ಎನ್ನುತ್ತಿದ್ದರು. ಅವನು ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದ. ಅವರು ಅದೇ ಸಾಲನ್ನು ಮತ್ತೆ ಓದುತ್ತಿದ್ದರು. ಮಾತೇ ಆಡದ ಮೂಕಣ್ಣ ಅಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಓದುತ್ತಿದ್ದ. ಒಮ್ಮೆ ಅವನು ಒಂದು ಶಬ್ದ ತಪ್ಪಾಗಿ ಓದಿದಾಗ ಮಾರೇಶನ ಭುಜ ಅಲುಗಿತು. ಅವನು ತಿರುಗಲಿಲ್ಲ.

ಬೇಸಿಗೆ ಬಿದ್ದ ಮೇಲೆ ಒಂದು ಭಾನುವಾರ ಜಂಬವ್ವ ಅವರನ್ನು ಬಾಗಿಲಲ್ಲೇ ತಡೆದಳು. ಅಂಗಳಕ್ಕೆ ಕರೆದುಕೊಂಡು ಹೋಗಿ, ಒಳಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಯವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನ ಬರಬ್ಯಾಡ್ರಿ."

"ಯಾಕಬೇ? ನಮ್ಮಿಂದ ಏನರ ತಪ್ಪಾತೇನು?" ಎಂದಳು ಭುವನೇಶ್ವರಿ.

"ನೀವು ಭಾಳ ಚೊಲೋರು. ಆದ್ರ ನೀವು ಬಂದು ಹ್ವಾದ ಮ್ಯಾಲ ಅವ ಎಲ್ಡು ದಿನ ಕೂಳು ಮುಟ್ಟಂಗಿಲ್ಲ. ಅದಾ ಇಂಗ್ಲೀಸು ಬಾಯಾಗ ಅನಕಂತ ಮಕ್ಕೊಂತಾನ. ನೀವು ಓದಿದ್ದೆಲ್ಲಾ ಅವಂಗ ಬಂದೈತಿ. ಬಂದ್ರ ಏನ್ ಮಾಡಬೇಕು ಅವ? ಆ ಕಾಲು ತಗಂಡು ಎಲ್ಲಿಗೆ ಹೋಗ್ಬೇಕು? ಮೊದ್ಲು ಏನೂ ಬರ್ತಿದ್ದಿಲ್ಲ, ನಕ್ಕಂತ ಇದ್ದ." ಜಂಬವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನ್ನ ಬಿಟ್ಬಿಡ್ರಿ."

ಭುವನೇಶ್ವರಿ ಬಾಗಿಲ ಕಡೆ ನೋಡಿದಳು. ಒಳಗೆ ಕತ್ತಲಿತ್ತು, ಹೊರಸಿನ ಒಂದು ಕಾಲು ಮಾತ್ರ ಕಾಣುತ್ತಿತ್ತು. ಹೋಗಿ ಒಂದು ಮಾತು ಕೇಳಬೇಕು, ಕ್ಷಮಿಸು ಅನ್ನಬೇಕು ಎನ್ನಿಸಿತು. ಹಾಗಂದರೆ ಅದು ತನ್ನ ಸಮಾಧಾನಕ್ಕೆ, ಅವನಿಗಲ್ಲ ಎಂದೂ ಅನ್ನಿಸಿತು. ಜಂಬವ್ವನ ಕೈಯನ್ನು ಒಂದು ಸಲ ಹಿಡಿದು ಬಿಟ್ಟಳು.

ಮೂವರೂ ರಸ್ತೆಗೆ ಬಂದರು. ಭಾನುವಾರವೆಂದು ಲಾರಿಗಳೇನೂ ನಿಂತಿರಲಿಲ್ಲ. ಒಂದು ದಾಟಿ, ಇನ್ನೊಂದು ದಾಟಿ, ಸಾಲು ಹೋಗುತ್ತಲೇ ಇತ್ತು. ಉಚ್ಚೆಂಗಮ್ಮ ಅಳುತ್ತಿದ್ದಳು. ಸ್ಟಾಪಿಗೆ ಬಂದ ಮೇಲೆ ಮೂಕಣ್ಣ ಬಾಯಿಬಿಟ್ಟ.

"ಮುಂದಿನ ವಾರ ಎಲ್ಲಿ ಕುಂದ್ರೋಣು?"

ಬಸ್ಸು ಬಂತು, ಹತ್ತಿದರು. ಸೀಟು ಸಿಗದೆ ಕಂಬಿ ಹಿಡಿದು ನಿಂತರು. ಭುವನೇಶ್ವರಿ ಇಳಿಯುವ ಮೊದಲು, "ಕಾಲೇಜಿನ್ಯಾಗಾ," ಎಂದಳು. ಮಾರೇಶನನ್ನು ಬಿಟ್ಟು ಓದಲು ಒಪ್ಪಿ ಹಾಗೆ ಹೇಳಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಮುಂದಿನ ಭಾನುವಾರ ಮೂವರೂ ಕಾಲೇಜಿನ ಆ ಬೆಂಚಿಗೆ ಬಂದರು.