ಕನ್ನಡಿಯಲ್ಲಿ ಓದಬೇಕಾದ ಹೆಸರು

ಮಾನ್ವಿಯ ಪೇಂಟರ್ ಸುಂಕಪ್ಪನ ಕೈಗೆ ಶಿವ ಒಂದು ವಿಚಿತ್ರ ವರ ಕೊಟ್ಟಿದ್ದ. ಅಕ್ಷರಗಳನ್ನು ಬಲದಿಂದ ಎಡಕ್ಕೆ, ಹೊಟ್ಟೆ ಬೆನ್ನು ಅದಲುಬದಲು ಮಾಡಿ, ಒಂದು ಗೆರೆಯನ್ನೂ ಅಳಿಸದೆ ಬರೆಯುತ್ತಿದ್ದ. ಹರೆಯದಲ್ಲಿ ಅಕ್ಕಿ ಚೀಲಕ್ಕೆ ಹೊಡೆಯುವ ಕಟ್ಟಿಗೆಯ ಮುದ್ರೆ ಕೆತ್ತುತ್ತ ಕಲಿತ ವಿದ್ಯೆ ಅದು. ಮುದ್ರೆಯಲ್ಲಿ ಉಲ್ಟಾ ಇದ್ದರಲ್ಲವೇ ಚೀಲದ ಮೇಲೆ ನೆಟ್ಟಗೆ ಬೀಳುವುದು. ಈಗ ಚೀಲಗಳು ಹೈದರಾಬಾದಿನಿಂದ ಅಚ್ಚಾಗಿಯೇ ಬರುತ್ತವೆ. ವರ ಹಾಗೇ ಉಳಿದಿತ್ತು, ಹೊಟ್ಟೆಗೆ ಮಾತ್ರ ಆಗುತ್ತಿರಲಿಲ್ಲ.

ಹೀಗಿರಲಾಗಿ ರೈಸ್ ಮಿಲ್ಲಿನ ಗಡಿಗೆಪ್ಪ ಸಾವ್ಕಾರರಿಗೆ ದಾನಬುದ್ಧಿ ಹುಟ್ಟಿತು. ಸುಮ್ಮನೆ ಹುಟ್ಟಿದ್ದಲ್ಲ. ದೇವದುರ್ಗದ ಕಡೆ ಗಬ್ಬೂರಿನಲ್ಲಿ ಅವರ ಷಡ್ಡಕ ಬಸ್ಸು ಕಾಯುವವರಿಗೆ ನೆರಳು ಕಟ್ಟಿಸಿ, ಕೂತವರ ತಲೆಗಿಂತ ದೊಡ್ಡದಾಗಿ ತನ್ನ ಹೆಸರು ಬರೆಸಿದ್ದ. ಸಾವ್ಕಾರರಿಗೆ ಮೂರು ತಿಂಗಳು ಅನ್ನ ರುಚಿಸಲಿಲ್ಲ. "ಅವನ ಹೆಸರು ನಿಂತಲ್ಲೇ ನಿಂತದ. ನಂದು ಓಡಾಡಬೇಕು" ಎಂದು ಊರಿಗೊಂದು ಆಂಬುಲೆನ್ಸ್ ಕೊಟ್ಟರು.

"ಲೇ ಸುಂಕಪ್ಪ, ಗಾಡಿ ಮೂತಿ ಮ್ಯಾಲ ಉಲ್ಟಾ ಬರೀತಾರಲ್ಲ, ಅದು ಯಾಕ?"

"ಮುಂದ ಹೋಗೋ ಗಾಡಿಯವರಿಗೆ ಕನ್ನಡ್ಯಾಗ ಸೀದಾ ಕಾಣ್ತದ್ರಿ. ಓದಿ ದಾರಿ ಬಿಡ್ತಾರ."

ಸಾವ್ಕಾರರ ಕಣ್ಣು ಮಿಂಚಿದವು. "ಅಂದ್ರ ಮುಂದ ಹೋಗೋರು ಎಲ್ಲಾರೂ ಓದಾಕs ಬೇಕು?"

"ಹೌದ್ರಿ."

"ಹಂಗಾದ್ರ ನನ್ನ ಹೆಸರನ್ನೂ ಉಲ್ಟಾ ಬರಿ. ಮೊಳಕ್ಕೊಂದು ಅಕ್ಷರ. ಆಂಬುಲೆನ್ಸ್ ಅನ್ನೋದು ಕೆಳಗ ಗೇಣಷ್ಟಿದ್ರ ಸಾಕು."

ಸುಂಕಪ್ಪನಿಗೆ ಮನೆ ನೆನಪಾಯಿತು. ಅವನ ಹೆಂಡತಿ ರೇಣುಕಮ್ಮನಿಗೆ ಎದೆಬೇನೆ. ಇನ್ನೊಮ್ಮೆ ಬಂದರೆ ತಡಮಾಡದೆ ರಾಯಚೂರಿಗೆ ಮುಟ್ಟಿಸಬೇಕೆಂದು ಡಾಕ್ಟರು ಹೇಳಿದ್ದರು. ಮುಟ್ಟಿಸುವ ಗಾಡಿ ಇದೇ.

"ಆಂಬುಲೆನ್ಸ್ ಅನ್ನೋದು ದೊಡ್ಡದಿರ್ಲಿ ಸಾವ್ಕಾರ್ರೆ. ಜೀವದ ವಿಷಯ ಅದ."

"ಜೀವ ಯಾರಿಂದ ಉಳೀತದಪಾ? ಗಾಡಿ ಕೊಟ್ಟವನಿಂದ. ಕೊಟ್ಟವ ಯಾರಂತ ಮೊದಲು ತಿಳೀಬೇಕಲ್ಲ?"

ಇಂಥ ತತ್ವ ಯಾವ ಪುರಾಣದಲ್ಲೂ ಇಲ್ಲ. ಸುಂಕಪ್ಪ ಬರೆದ. ಮನಸ್ಸಿಲ್ಲದೆ ಹಿಡಿದ ಬ್ರಷ್ಷು ಅರ್ಧ ದಾರಿಯಲ್ಲಿ ಅವನನ್ನೇ ಮರುಳು ಮಾಡಿತು. ಕೇಳದಿದ್ದರೂ ಪ್ರತಿ ಅಕ್ಷರಕ್ಕೆ ಬಂಗಾರದ ಅಂಚು ಕೊಟ್ಟ.

ಉದ್ಘಾಟನೆಯ ದಿನ ಸ್ವಾಮಿಗಳು ಗಾಡಿಯ ಮುಂದೆ ನಿಂತು ಕೈಯೆತ್ತಿ ಹರಸಿದರು, ಸಾವ್ಕಾರರು ಕಾಯಿ ಒಡೆದರು, ಸ್ಟುಡಿಯೋದ ಜಹೀರ್ ಫೋಟೋ ಹೊಡೆದ. ಫೋಟೋದಲ್ಲಿ ಎಲ್ಲರ ಮುಖವೂ ಚೆನ್ನಾಗಿ ಬಂದಿತ್ತು. ಹೆಸರು ಮಾತ್ರ ಯಾವ ದೇಶದ ಲಿಪಿಯೋ ಎಂಬಂತಿತ್ತು.

"ಕಂಪ್ಯೂಟರ್‌ನ್ಯಾಗ ಒಂದು ಗುಂಡಿ ಒತ್ತಿದ್ರ ತಿರುಗ್ತದ್ರಿ" ಎಂದ ಜಹೀರ್, ಒತ್ತಿದ. ಹೆಸರು ನೆಟ್ಟಗಾಯಿತು. ಆದರೆ ಈಗ ಸ್ವಾಮಿಗಳು ಎಡಗೈಯಲ್ಲಿ ಹರಸುತ್ತಿದ್ದರು, ಸಾವ್ಕಾರರು ಎಡಗೈಯಲ್ಲಿ ಕಾಯಿ ಒಡೆಯುತ್ತಿದ್ದರು.

ಸಾವ್ಕಾರರ ಹೆಂಡತಿ ಬಸವಂತಮ್ಮ ಬಾಯಿಗೆ ಸೆರಗು ಹಿಡಿದಳು. "ಯವ್ವಾ, ಎಡಗೈಲೆ ಆಶೀರ್ವಾದ! ಇದಕ್ಕಿಂತ ಶಾಪನs ಪಾಡು."

"ಹೆಸರಷ್ಟೇ ಕತ್ತರಿಸಿ, ತಿರುಗಿಸಿ ಅಂಟಿಸ್ಲೇನ್ರಿ?" ಎಂದು ಜಹೀರ್ ಕೇಳಿದ.

"ತೇಪಿ ಹಚ್ಚಿದ ಹೆಸರು ನನಗ ಬ್ಯಾಡ. ಕೈ ಎಡಕ್ಕಿದ್ರೂ ನಡೀತದ, ಹೆಸರು ನೆಟ್ಟಗಿರ್ಲಿ" ಎಂದರು ಸಾವ್ಕಾರರು.

ಮರುದಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಅದರ ಮರುದಿನ ಮಠದಿಂದ ಮಾತು ಬಂತು, ಫ್ಲೆಕ್ಸ್ ಇಳಿಯಿತು. ಸಾವ್ಕಾರರಿಗೆ ಉಳಿದದ್ದು ಒಂದೇ ಆಸೆ: ತಮ್ಮ ಹೆಸರು ಕನ್ನಡಿಯಲ್ಲಿ ನೆಟ್ಟಗೆ ಓಡಿ ಬರುವುದನ್ನು ವಿಡಿಯೋ ಹಿಡಿದು ಗಬ್ಬೂರಿಗೆ ಕಳಿಸುವುದು.

ಹದಿನೈದು ದಿನ ಕಳೆದಿರಬೇಕು, ಒಂದು ಮಧ್ಯಾಹ್ನ ರೇಣುಕಮ್ಮನಿಗೆ ಎದೆ ಹಿಡಿಯಿತು. ಸುಂಕಪ್ಪ ಅವಳಿಗೆ ಕೌದಿ ಹೊದಿಸಿ ಆಂಬುಲೆನ್ಸಿನಲ್ಲಿ ಮಲಗಿಸಿ, ಡ್ರೈವರ್ ಅಂಬರೇಶನ ಪಕ್ಕ ಕೂತ. ಕಲ್ಲೂರಿನವರೆಗೆ ಗಾಡಿ ಹಾರಿತು. ಆಮೇಲೆ ಎದುರಿನಿಂದ ಸಾಲು ಲಾರಿ, ಮುಂದೊಂದು ಬಿಳಿ ಕಾರು. ಸೈರನ್ ಕೇಳಿದ ಕಾರು ಬದಿಗೆ ಸರಿಯುವ ಬದಲು ಎತ್ತಿನ ಬಂಡಿಯ ನಡಿಗೆಗಿಳಿಯಿತು.

"ಯಪ್ಪಾ, ಅದು ಸಾವ್ಕಾರ್ರ ಕಾರು!" ಎಂದ ಅಂಬರೇಶ.

ಸುಂಕಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಸಾವ್ಕಾರರು ಒಳಗಿನ ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಅದಕ್ಕೆ ಮೊಬೈಲ್ ಹಿಡಿದಿದ್ದರು. ಇನ್ನೊಂದು ಕೈ ತಮ್ಮ ಡ್ರೈವರಿಗೆ 'ನಿಧಾನ, ನಿಧಾನ' ಎನ್ನುತ್ತಿತ್ತು. ಸೈರನ್ನು ಅವರ ಕಿವಿಗೆ ಮಂಗಳವಾದ್ಯ. ಸುಂಕಪ್ಪ ಕೂಗಿದ, ಅಂಬರೇಶ ಹಾರ್ನ್ ಬಾರಿಸಿದ. ಏರಿಸಿದ ಗಾಜು ಏರಿಸಿದಂತೆಯೇ ಇತ್ತು.

"ಯಾಕ... ಹೊಂಟಿಲ್ಲ ಗಾಡಿ?" ಹಿಂದಿನಿಂದ ರೇಣುಕಮ್ಮ ನರಳಿದಳು.

"ಸಾವ್ಕಾರ್ರು ತಮ್ಮ ಹೆಸರು ಓದಾಕತ್ತಾರ."

"ಅಷ್ಟು ಚಂದ... ಯಾಕ ಬರದ್ರಿ?"

ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಸುಂಕಪ್ಪ ಗಾಡಿ ನಿಲ್ಲಿಸಲು ಹೇಳಿ, ಅವಳ ಮೇಲಿನ ಕೌದಿ ಎಳೆದುಕೊಂಡು ಕೆಳಗೆ ಜಿಗಿದ. ಎರಡು ಮೂಲೆಗಳನ್ನು ಎರಡು ಬದಿಯ ಕನ್ನಡಿಗಳ ಕಡ್ಡಿಗೆ ಬಿಗಿದು ಮೂತಿಯ ಮೇಲೆ ಇಳಿಬಿಟ್ಟ. ಬಂಗಾರದ ಅಂಚಿನ ಮೊಳದುದ್ದದ ಅಕ್ಷರಗಳೆಲ್ಲ ಹಳೆಯ ಸೀರೆಯ ತೇಪೆಗಳ ಕೆಳಗೆ ಮುಚ್ಚಿಹೋದವು. ಗೇಣಷ್ಟು 'ಆಂಬುಲೆನ್ಸ್' ಒಂದೇ ಹೊರಗುಳಿಯಿತು.

ಗಾಡಿ ಮತ್ತೆ ಕಾರಿನ ಬೆನ್ನಿಗೆ ಬಂತು. ಕಾರು ಕೂಡಲೇ ಬದಿಗೆ ಸರಿದು ನಿಂತಿತು. ಸಾವ್ಕಾರರು ಗಾಜು ಇಳಿಸಿ ಕತ್ತು ಹೊರಗೆ ಹಾಕಿ ಹುಡುಕುತ್ತಿದ್ದರು. ದಾಟುವಾಗ ಸುಂಕಪ್ಪನಿಗೆ ಅವರ ಮಾತು ಕೇಳಿಸಿತು:

"ನಮ್ಮ ಗಾಡಿ ಎಲ್ಲಿ ಹೋತಲೇ? ಇದ್ಯಾವುದೋ ಬ್ಯಾರೇದವರದು. ಬಿಡು ಬಿಡು, ಯಾರದೋ ಜೀವ ಇರ್ತದ ಪಾಪ."

ರಾಯಚೂರಿನ ಡಾಕ್ಟರು, "ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ..." ಎಂದು ಎಲ್ಲ ಡಾಕ್ಟರರೂ ಹೇಳುವ ಮಾತನ್ನೇ ಹೇಳಿದರು. ಈ ಸಲ ಅದು ನಿಜವಾಗಿತ್ತು.

ಮೂರನೇ ದಿನ ಸಾವ್ಕಾರರು ಅರ್ಧ ಡಜನ್ ಬಾಳೆಹಣ್ಣು ಹಿಡಿದು ವಾರ್ಡಿಗೆ ಬಂದರು. ಹಣ್ಣು ಇಡುವ ಮೊದಲೇ ಮೊಬೈಲ್ ತೆಗೆದರು.

"ನೋಡಿಲ್ಲಿ ಸುಂಕಪ್ಪ, ಎಷ್ಟು ಪಾಡ ಬರಾಕತ್ತಿತ್ತು ಹೆಸರು! ಮನ್ಯಾಗ ವಿಡಿಯೋ ನೋಡಿದ ಮ್ಯಾಲ ಗೊತ್ತಾತು, ನಡುವs ಯಾವನೋ ಅದರ ಮ್ಯಾಲ ಕೌದಿ ಹೊಚ್ಚ್ಯಾನ. ಇನ್ನ ಗಬ್ಬೂರಿಗೆ ಏನಂತ ಕಳಸ್ಲಿ?"

ಸುಂಕಪ್ಪ ಗೋಡೆ ನೋಡಿದ. ಅದೇ ಕೌದಿ ಹೊದ್ದು ಮಲಗಿದ್ದ ರೇಣುಕಮ್ಮ ಕಣ್ಣು ತೆರೆಯದೆಯೇ ಅಂದಳು:

"ನಾನs ಕೊಟ್ಟೀನ್ರಿ ಸಾವ್ಕಾರ್ರೆ. ಹಗಲೆಲ್ಲಾ ಗಾಳಿಗೆ ಓಡಾಡಿ ಹೆಸರಿಗೆ ಥಂಡಿ ಹತ್ತಿರ್ತದ ಅಂತ."