ಮಳೆಗಾಲದಲ್ಲಿ ತಂಡ ಕಟ್ಟಿದ್ದು

ಕಬಡ್ಡಿ ನಡೆಯುವ ದಿನಗಳಲ್ಲಿ ನನ್ನ ಗಂಡನನ್ನು ಹೇಗೋ ತಡೆದುಕೊಳ್ಳಬಹುದು. ಆಟವಿಲ್ಲದ ಮಳೆಗಾಲದಲ್ಲಿ ಮಾತ್ರ ಸಾಧ್ಯವಿಲ್ಲ. ಸಂಜೆ ಮಿಲ್ಲಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಫೋನು ಕಿವಿಗೆ ಹಚ್ಚುತ್ತಾರೆ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಅಡ್ಡಾಡುತ್ತ, ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಲಬುರ್ಗಿಯವರು ಯಾರಿಗೆ ಗಾಳ ಹಾಕಿದ್ದಾರೆ ಎಂದು ಇಡೀ ಓಣಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಕೊಟ್ಟ ಚಹಾ ಆರಿ ಕೆನೆ ಕಟ್ಟುತ್ತದೆ. ಇವರು ತಂಡದ ಮಾಲೀಕರಲ್ಲ, ಕೋಚ್ ಅಲ್ಲ, ಜನ್ಮದಲ್ಲಿ ಒಮ್ಮೆಯೂ ಅಂಕಣಕ್ಕೆ ಇಳಿದವರಲ್ಲ. ಬರೀ ಅಭಿಮಾನಿ. ಆದರೆ ಮಾಲೀಕರಿಗಿಂತ ಹೆಚ್ಚು ನಿದ್ದೆಗೆಟ್ಟವರು.

ಇವರು ಅಂದರೆ ಉಮಾಪತಿ, ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತದ ಲಾರಿ ತೂಗುವವರು. ಆ ಮಿಲ್ಲಿನ ಸಾಹುಕಾರ ಶಾಂತಕುಮಾರ ಅವರೇ ನಮ್ಮೂರಿನ ಕಬಡ್ಡಿ ತಂಡವನ್ನು ಸಾಕುತ್ತಾರೆ. ಜರ್ಸಿ, ಊಟ, ಓಡಾಟದ ಗಾಡಿ ಎಲ್ಲ ಅವರದೇ. ಕಳೆದ ಸಲ ಕುಷ್ಟಗಿಯ ಫೈನಲ್ಲಿನಲ್ಲಿ ನಮ್ಮವರು ಸೋತು ಬಂದಾಗಿನಿಂದ ಇವರ ಹೊಟ್ಟೆಯಲ್ಲಿ ಬೆಂಕಿ.

"ತಂಡ ಕಟ್ಟೋದು ಪಂದ್ಯದ ಹಿಂದಿನ ದಿನ ಅಲ್ಲ ಶೈಲಾ, ಮಳಿಗಾಲದಾಗ" ಎಂದು ನನ್ನ ಬೆನ್ನು ಹತ್ತುತ್ತಾರೆ. ನಾನು ರೊಟ್ಟಿ ತಟ್ಟುತ್ತಿರುತ್ತೇನೆ, ಇವರು ಒಲೆಯ ಪಕ್ಕ ನಿಂತು ಭಾಷಣ ಮಾಡುತ್ತಿರುತ್ತಾರೆ. "ಹೋದ ವರ್ಷ ಗೆಲ್ಲಿಸಿದಾನಂತ ಯಾರನ್ನೂ ಇಟ್ಕೋಬಾರ್ದು. ಮುಂದಿನ ವರ್ಷ ಗೆಲ್ಲಿಸ್ತಾನೇನು ನೋಡಬೇಕು. ಸಾಹುಕಾರ್ರಿಗೆ ಇದ ತಿಳಿಯಾಂಗಿಲ್ಲ. ವಯಸ್ಸಾದವ್ರನ್ನ ನೋಡಿ ಕರಳು ಚುರ್ ಅಂತೈತಿ ಅವ್ರಿಗೆ."

"ವಯಸ್ಸಾದವ್ರನ್ನ ಬಿಡೋದಾದ್ರ ನಾ ಮೊದಲ ಮನಿಯಿಂದ ಚಾಲೂ ಮಾಡ್ತೀನ್ರಿ" ಎಂದೆ. ಅದು ಇವರ ಕಿವಿಗೆ ಬೀಳಲೇ ಇಲ್ಲ.

ಇವರ ದೊಡ್ಡ ಚಿಂತೆ ಇನ್ನೊಂದಿತ್ತು. ಬಾಡಿಗೆ ಆಟಗಾರರನ್ನು ತಂದು ಹೊಡೆದಾಟವಾದ ಮೇಲೆ, ಸುತ್ತಲಿನ ತಾಲೂಕಿನವರು ಕೂಡಿ ಒಂದು ನಿಯಮ ಮಾಡಿದ್ದರು. ಯಾವ ಊರಿನ ತಂಡಕ್ಕೆ ಆಡುತ್ತಾನೋ ಆಟಗಾರ ಆ ಊರಿನಲ್ಲೇ ಮನೆ ಮಾಡಿಕೊಂಡಿರಬೇಕು, ಆಧಾರ್ ಕಾರ್ಡಿನಲ್ಲಿ ಆ ಊರು ಇರಬೇಕು. ನಮ್ಮ ತಂಡದ ಜಾಕೀರ ಎಂಬ ಹುಡುಗ ಮೂರು ವರ್ಷ ಇಲ್ಲೇ ಆಡುತ್ತೇನೆಂದು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿದ್ದ. ಕೊಪ್ಪಳದ ಹುಡುಗಿಯನ್ನು ಮದುವೆಯಾಗಿ ಮಾವನ ಮನೆ ಸೇರಿದ, ಮರುತಿಂಗಳು ಕೊಪ್ಪಳದ ಜರ್ಸಿಯಲ್ಲಿ ನಮ್ಮವರ ಮೇಲೇ ದಾಳಿಗೆ ಬಂದ. ಬಾಂಡ್ ಪೇಪರನ್ನು ಯಾವ ಕೋರ್ಟಿಗೆ ಒಯ್ಯುತ್ತೀರಿ?

ಆಗ ಇವರ ತಲೆಗೆ ಹುಳ ಹೊಕ್ಕಿತು. ಸಹಿ ಹಿಡಿಯದವನನ್ನು ಮದುವೆ ಹಿಡಿದುಕೊಂಡು ಹೋಗಿದೆ ಅಂದಮೇಲೆ ನಾವೂ ಮದುವೆಯಿಂದಲೇ ಯಾಕೆ ಹಿಡಿಯಬಾರದು?

ಹುಲಿಹೈದರದಲ್ಲಿ ಗುರುಬಸವ ಎಂಬ ಹುಡುಗನಿದ್ದ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಕಬಡ್ಡಿಯಲ್ಲಿ ಅವನಂಥ ರೈಡರ್ ಈ ಕಡೆ ಇಲ್ಲವೆಂದು ಇವರ ವಾದ. ಕುಷ್ಟಗಿಯವರೂ ಅವನ ಹಿಂದೆ ಬಿದ್ದಿದ್ದರಂತೆ. ಇತ್ತ ನಮ್ಮ ದೊಡ್ಡ ನಾದಿನಿ ಬಸವಣ್ಣೆಮ್ಮ, ಅಂದರೆ ಇವರ ಅಕ್ಕ, ಎರಡು ಓಣಿಯಾಚೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಮೇಘಾಳನ್ನು ಓದಿಸಿದವರು. ಮೇಘಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕೊಟ್ಟ ಮನೆಗೆ ಹೋಗದೆ ತಾಯಿಯ ಜೊತೆಗೇ ಇರಬೇಕು ಎಂಬುದು ಅವಳ ಒಂದೇ ಷರತ್ತು. ಆ ಷರತ್ತಿಗೆ ಬಂದ ಗಂಡುಗಳೆಲ್ಲ ಹಿಂದೆ ಸರಿದಿದ್ದರು.

"ಗುರುಬಸವ ಮನಿಯಳಿಯ ಆಗಿ ಬಂದ ಅಂದ್ರ ಆಧಾರ್ ಕಾರ್ಡು ಇಲ್ಲೇ ಬರ್ತೈತಿ" ಎಂದರು ಇವರು, ಹುಡುಗಿಯ ಹೆಸರನ್ನು ಕೂಡ ಎತ್ತದೆ. "ಮಿಲ್ಲಿನ ಮುಂದಿನ ಅಂಗಡಿ ಅವನಿಗೆ ಕೊಡ್ಸೋದು ನನ್ನ ಜವಾಬ್ದಾರಿ. ಸಾಹುಕಾರ್ರು ಹೂಂ ಅಂದಾರ."

ನನಗೆ ಮೈಯೆಲ್ಲ ಉರಿಯಿತು. ಆದರೆ ಹುಡುಗ ದುಡಿಯುವವನು, ಕೆಟ್ಟ ಚಟವಿಲ್ಲ ಎಂದು ಕೇಳಿದ್ದೆ. ಇವರ ಹುಚ್ಚಿನಿಂದಲಾದರೂ ಮೇಘಾಳಿಗೆ ಒಳ್ಳೆಯದಾಗಲಿ ಎಂದು ಸುಮ್ಮನಾದೆ. ಅದೂ ಅಲ್ಲದೆ ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಹೆಣ್ಣಿನ ಮದುವೆ ಮುಂದೆ ಸಾಗುವುದಿಲ್ಲ. ಮದುವೆಯ ಹಂದರದೊಳಗೆ ಅವಳ ಕೈಹಿಡಿದು ಕರೆತರುವವನೂ ಅವನೇ. ಇವರೇ ತಂದ ಗಂಡು ಎಂದಮೇಲೆ ಅಕ್ಕ ಕಣ್ಣು ಮುಚ್ಚಿ ಒಪ್ಪಿಕೊಂಡರು.

ಒಂದು ರವಿವಾರ ಗುರುಬಸವ ತನ್ನ ಅಣ್ಣನ ಜೊತೆ ಕನ್ಯೆ ನೋಡಲು ಬಂದ. ಎಲ್ಲರೂ ಜಮಖಾನೆಯ ಮೇಲೆ ಕೂತರೆ ಇವನೊಬ್ಬ ಕುರ್ಚಿ ಕೇಳಿ ಕೂತ. ಬಲು ಸೊಕ್ಕಿನವನು ಎಂದುಕೊಂಡೆ. ಇವರು ಮಾತ್ರ ಹುಡುಗನ ಮನೆತನ, ಗಳಿಕೆ ಏನೂ ಕೇಳಲಿಲ್ಲ. ಬಗ್ಗಿ ಬಗ್ಗಿ ಅವನ ಮೀನಖಂಡ ನೋಡುತ್ತಿದ್ದರು.

"ದಿನಾ ಓಡ್ತಿ ಹೌದಲ್ಲೋ?"

"ಈಗ ಸ್ವಲ್ಪ ಕಡಿಮಿ ಮಾಡೇನ್ರಿ."

"ಛಲೋ ಮಾಡಿದಿ. ಮಳಿಗಾಲದಾಗ ಮೈ ದಣಿಸಬಾರ್ದು" ಎಂದು ಇವರು ಖುಷಿಯಿಂದ ಅಕ್ಕನ ಕಡೆ ನೋಡಿದರು. ಅಕ್ಕನಿಗೆ ಏನು ತಿಳಿಯಬೇಕು? ಅವರು ಇನ್ನಷ್ಟು ಉಪ್ಪಿಟ್ಟು ಬಡಿಸಿದರು. ಮೇಘಾ ಮತ್ತು ಹುಡುಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ತುಸು ಹೊತ್ತು ಮಾತಾಡಿದರು. ಒಳಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಹುಡುಗ ಮನಸ್ಸಿಗೆ ಬಂದಿದ್ದಾನೆ.

ಒಂದು ವಾರ ಮನೆಯಲ್ಲಿ ಹಬ್ಬದ ಕಳೆ. ನಿಶ್ಚಯಕ್ಕೆ ದಿನ ಹುಡುಕುವ ಮಾತು ನಡೆದಿತ್ತು. ಆಮೇಲೆ ಒಂದು ಮಧ್ಯಾಹ್ನ ಇವರು ಊಟದ ಹೊತ್ತಿಗೆ ಬಂದವರು ತಾಟಿನ ಮುಂದೆ ಕೂಡಲೊಲ್ಲರು. ಮುಖ ಕಪ್ಪಾಗಿತ್ತು.

"ಏನಾತ್ರಿ?"

"ಗುರುಬಸವ ಮಿಲ್ಲಿಗೆ ಬಂದಿದ್ದ, ಮೋಟಾರು ಇಳಿಸಾಕ. ಟಂಟಂ ಗಾಡಿಯಿಂದ ಇಳಿಯೋದು ನೋಡಿದೆ. ಬಲಗಾಲು ಮಡಚಾಂಗಿಲ್ಲ. ಮೊಣಕಾಲು ಹೋಗೇತಿ ಶೈಲಾ. ಹೋದ ವರ್ಷ ಯಲಬುರ್ಗ್ಯಾಗ ಜಾರಿ ಬಿದ್ದಿದ್ದ, ಆವತ್ತ ಹೋಗಿರಬೇಕು. ಮುಗೀತು. ಇನ್ನ ಅವ ಆಡೋದಿಲ್ಲ."

"ಅಯ್ಯ ಪಾಪ" ಎಂದೆ.

"ಪಾಪ ಯಾರಿಗೆ? ನಮಗ! ಮೊಣಕಾಲು ಹೋದವನ್ನ ತಗೊಂಡು ಏನು ಮಾಡೋದು?" ಎಂದು ಇವರು ತಲೆ ಹಿಡಿದುಕೊಂಡರು. ಮತ್ತೆ ಅಡ್ಡಾಟ ಸುರುವಾಯಿತು, ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ. ಕಡೆಗೆ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಯ ಕಡೆ ನಡೆದರು.

ಸಂಜೆಗೆ ಅಕ್ಕ ನನಗೆ ಫೋನು ಮಾಡಿ ಅತ್ತರು. "ಹುಡುಗ ಭಾಳ ಸಿಟ್ಟಿನವ ಅಂತಲ್ಲ ಶೈಲಾ? ಕೈ ಎತ್ತೂ ಪೈಕಿ ಅಂತ. ಉಮಾ ಈಗ ಬಂದು ಹೇಳಿದ. ಪುಣ್ಯಾ, ನಿಶ್ಚಯ ಆಗಿದ್ದಿಲ್ಲ. ಬ್ಯಾಡ ಅಂತ ಹೇಳಿ ಕಳಿಸ್ತೀನಿ."

ತಂಡಕ್ಕೆ ಬೇಡವಾದವನನ್ನು ಕೈಬಿಡಲು ಇವರು ಆ ಹುಡುಗನ ಹೆಸರಿಗೇ ಮಸಿ ಬಳಿದಿದ್ದರು. ಅಷ್ಟು ವರ್ಷ ಸಂಸಾರ ಮಾಡಿ ಇವರ ಮೇಲೆ ನಕ್ಕಿದ್ದೆ, ರೇಗಿದ್ದೆ, ಆದರೆ ಅಸಹ್ಯ ಪಟ್ಟದ್ದು ಅದೇ ಮೊದಲು. ಬಾಯಿ ಬಿಗಿದುಕೊಂಡು ಇರುವ ಹೆಣ್ಣು ನಾನಲ್ಲ. "ಅಕ್ಕಾ, ಇನ್ನ ಯಾರಿಗೂ ಏನೂ ಹೇಳಬ್ಯಾಡ್ರಿ, ನಾಳೆ ತನಕ ತಡೀರಿ" ಎಂದು ಫೋನಿಟ್ಟು ಮೇಘಾಳಿಗೆ ಎಲ್ಲ ಹೇಳಿಬಿಟ್ಟೆ.

ಡ್ಯೂಟಿ ಮುಗಿಸಿದವಳು ಖಾಕಿ ಬಟ್ಟೆಯಲ್ಲೇ ಬಂದಳು. ಮಳೆಗೆ ತೊಯ್ದಿದ್ದಳು. ಟವೆಲ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಇವರು ಫೋನಿನಲ್ಲಿ ಯಾವುದೋ ಹೊಸ ರೈಡರನ ವಿಚಾರ ಕೇಳುತ್ತಿದ್ದವರು, ಅವಳನ್ನು ಕಂಡು ಫೋನಿಟ್ಟರು.

"ಮಾಮಾ, ಅವ ಸಿಟ್ಟಿನವ ಅಂತ ನಿನಗ ಯಾರು ಹೇಳಿದ್ರು?"

"ಮಂದಿ ಅಂತಾರವ್ವಾ..."

"ಯಾವ ಮಂದಿ? ಹೆಸರು ಹೇಳು, ನಾ ಹೋಗಿ ಕೇಳ್ತೀನಿ."

ಇವರು ನನ್ನ ಕಡೆ ನೋಡಿದರು. ನಾನು ಮುಖ ತಿರುಗಿಸಿದೆ.

"ಮೊಣಕಾಲಿನ ಮಾತು ನನಗ ಗೊತ್ತೈತಿ" ಎಂದಳು ಮೇಘಾ. "ಅವತ್ತ ಹಿತ್ತಲದಾಗ ಅವನ ಹೇಳಿದ. ಹುಬ್ಬಳ್ಳಿ ಡಾಕ್ಟರ್ ಆಟ ಬಿಡು ಅಂದಾರ, ನಿಮ್ಮ ಮಾಮಾ ಆಟಕ್ಕಂತ ನನ್ನ ಕರಿಯಾಕತ್ಯಾರ, ನೀವು ಮೋಸ ಹೋಗಬಾರ್ದು ಅಂದ. ನಿಮ್ಮ ಮಾಮಾಗ ನಾನ ಹೇಳ್ತೀನಿ, ಧೈರ್ಯ ಸಾಲವಲ್ದು, ಸ್ವಲ್ಪ ತಡೀರಿ ಅಂದ."

"ನಿನಗ ಹೇಳಿದ, ನನಗ ಹೇಳಲಿಲ್ಲ!" ಇವರು ಎದ್ದು ನಿಂತರು. "ಕುಷ್ಟಗಿಯವ್ರು ಬ್ಯಾರೆ ಹುಡುಗನ್ನ ಹಿಡದಾರ. ನಮ್ಮ ಕೈಯಾಗ ಯಾರದಾರ ಈಗ? ಇಡೀ ಮಳಿಗಾಲ ಹಾಳಾತು!"

ಅವಳು ಇವರನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಮಾತಾಡಿದಳು, ಅದು ಕೂಗಿದ್ದಕ್ಕಿಂತ ಜೋರಾಗಿ ತಾಗಿತು. "ನೀ ಯಾಕ ಈ ಸಂಬಂಧ ತಂದಿ ಅಂತ ನನಗ ಗೊತ್ತಿತ್ತು ಮಾಮಾ. ಇಡೀ ಊರಿಗೆ ಗೊತ್ತಿತ್ತು. ಡಿಪೋದಾಗ ನನ್ನ ನೋಡಿ ನಗ್ತಿದ್ರು. ಆದ್ರೂ ಸುಮ್ನಿದ್ದೆ. ಅಪ್ಪ ಹೋದಾಗಿಂದ ನೀ ಕೈಹಿಡಿದು ಸಾಲಿಗೆ ಕರಕೊಂಡು ಹೋದಾಂವ. ಹುಚ್ಚ ಇರಬಹುದು, ಕೆಟ್ಟಾಂವ ಅಲ್ಲ ಅಂದ್ಕೊಂಡಿದ್ದೆ. ಅವ್ವಗ ಖರೇ ಹೇಳು. ಇಲ್ಲಾಂದ್ರೂ ನಾ ಅವನ್ನ ಮದಿವಿ ಆಗ್ತೀನಿ, ಆದ್ರ ಹಂದರದಾಗ ನನ್ನ ಕೈ ಹಿಡಿಯಾಕ ನೀ ಬರೋದು ಬ್ಯಾಡ."

ಹೊಸ್ತಿಲು ದಾಟುವಾಗ ಅವಳು ಅಳುತ್ತಿದ್ದಳು. ಇವರು ಕುರ್ಚಿಯಲ್ಲಿ ಕುಸಿದರು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಆ ಹೊಸ ರೈಡರನ ಕಡೆಯವರೇ ಇರಬೇಕು. ಇವರು ಅದನ್ನು ಬೋರಲು ಹಾಕಿದರು.

ಬೆಳಿಗ್ಗೆ ಇವರು ಸ್ನಾನ ಮಾಡಿ, "ಶೈಲಾ, ನೀನೂ ಬಾ" ಎಂದರು. ಮೊದಲು ಮಿಲ್ಲಿನ ಬಾಗಿಲಲ್ಲಿ ನಿಂತು ಸಾಹುಕಾರರಿಗೆ ಹುಡುಗ ಆಡುವುದಿಲ್ಲವೆಂದು ತಿಳಿಸಿದರು. ಹಾಗಾದರೆ ಅಂಗಡಿಯ ಮಾತು ಮರೆತುಬಿಡು ಎಂದು ಅವರು ಅಂದದ್ದು ನನಗೂ ಕೇಳಿಸಿತು. ಅಲ್ಲಿಂದ ಅಕ್ಕನ ಮನೆಗೆ ಬಂದೆವು. ಅಕ್ಕ ಪಡಸಾಲೆಯಲ್ಲಿ ಸೊಪ್ಪು ಸೋಸುತ್ತಿದ್ದರು.

"ಅಕ್ಕಾ, ಹುಡುಗ ಸಿಟ್ಟಿನವ ಅಲ್ಲ" ಎಂದರು ಇವರು, ನಿಂತುಕೊಂಡೇ. "ನಾ ಸುಳ್ಳು ಹೇಳಿದೆ. ಅವನ ಮೊಣಕಾಲು ಹೋಗೇತಿ. ಕಬಡ್ಡಿ ಆಡಾಕ ಬರೂದಿಲ್ಲ, ಅದಕ್ಕ."

"ದುಡಿಯಾಕ ಬರ್ತೈತಿ?"

"ಅದಕ್ಕೇನಿಲ್ಲ. ಕುಂತು ಮಾಡೋ ಕೆಲಸ."

ಅಕ್ಕ ಸೊಪ್ಪಿನ ಮೊರ ಪಕ್ಕಕ್ಕಿಟ್ಟರು. "ಹಂಗಾದ್ರ ಇಷ್ಟು ದಿನ ನೀ ಹುಡುಕಾಕತ್ತಿದ್ದು ಯಾರಿಗೆ ಉಮಾ? ನಾ ನನ್ನ ಮಗಳಿಗೆ ಗಂಡು ಹುಡುಕಾಕತ್ಯಾನಂತ ತಿಳಿದಿದ್ದೆ. ಮಂದಿ ಮುಂದೆಲ್ಲ ಹೇಳಿದ್ದೆ, ನನ್ನ ತಮ್ಮ ಇರೂತನ ನನಗೇನು ಚಿಂತಿ ಇಲ್ಲ ಅಂತ."

ಊರ ತುಂಬ ಯಾರನ್ನು ಇಡಬೇಕು, ಯಾರನ್ನು ಬಿಡಬೇಕು ಎಂದು ವಾದ ಮಾಡಿದ ಬಾಯಿ ಅಕ್ಕನ ಮುಂದೆ ಒಣಗಿಹೋಯಿತು. ಕಡೆಗೆ, "ಇವತ್ತ ಹುಲಿಹೈದರಕ್ಕ ಹೋಗಿ ಮಾತು ಗಟ್ಟಿ ಮಾಡಿಕೊಂಡು ಬರ್ತೀನಕ್ಕಾ" ಎಂದರು. ಅಕ್ಕ ಮತ್ತೆ ಮೊರ ಎಳೆದುಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ಕನಕಗಿರಿಯ ಬಸ್ಸು ಹೊರಡುವುದರಲ್ಲಿತ್ತು. ಹತ್ತಿದ ಮೇಲೆ ಗೊತ್ತಾಯಿತು, ಕಂಡಕ್ಟರ್ ಮೇಘಾಳೇ. ಇವರು ಇಳಿಯಬೇಕೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿರುವಾಗಲೇ ಅವಳು ಸೀಟಿ ಊದಿ ಬಸ್ಸು ಹೊರಡಿಸಿದಳು. ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಅವಳು ಟಿಕೆಟ್ ಹರಿಯುತ್ತ ಹರಿಯುತ್ತ ನಮ್ಮ ಹತ್ತಿರ ಬಂದಳು. ನನಗೆ ಹೆಂಗಸರ ಫ್ರೀ ಟಿಕೆಟ್ ಕೊಟ್ಟಳು. ಇವರ ಕಡೆ ತಿರುಗಿ, ಬೇರೆ ಯಾರನ್ನೋ ಕೇಳುವ ಹಾಗೆ ಕೇಳಿದಳು.

"ಎಲ್ಲಿಗ್ರಿ?"

ಅವಳು ಇವರಿಗೆ ಜನ್ಮದಲ್ಲಿ 'ರಿ' ಹಚ್ಚಿದವಳಲ್ಲ.

"ಕನಕಗಿರಿಗೆ. ಅಲ್ಲಿಂದ ಹುಲಿಹೈದರಕ್ಕ ಹೋಗ್ತೀವಿ. ನಿಮ್ಮವ್ವಗ ಎಲ್ಲ ಹೇಳಿ ಬಂದೇನಿ. ಸಾಹುಕಾರ್ರು ಅಂಗಡಿ ಕೊಡೂದಿಲ್ಲ ಮೇಘಾ. ನಾನ ಅವನ ಕೂಡ ಅಡ್ಡಾಡಿ ಬ್ಯಾರೆ ಕಡೆ ಹುಡುಕ್ತೀನಿ. ಬರ್ತಾನಂದ್ರ."

"ಬರ್ತಾನ" ಎಂದಳು. "ಗಂಗಾವತ್ಯಾಗ ಸುಡೂ ಮೋಟಾರಿಗೇನು ಬರ ಇಲ್ಲ."

"ನಾ ಬರಬೇಕೋ ಬ್ಯಾಡೋ, ಹಂದರಕ್ಕ?"

ಅವಳು ಮಷೀನಿನಿಂದ ಟಿಕೆಟ್ ಹರಿದು ಇವರ ಅಂಗೈಯಲ್ಲಿಟ್ಟಳು. ಹಿಂದಿನಿಂದ ಯಾರೋ ಚಿಲ್ಲರೆಗಾಗಿ ಕರೆದರು. ಅತ್ತ ಎರಡು ಹೆಜ್ಜೆ ಹೋದವಳು ನಿಂತು, ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಗಟ್ಟಿಮುಟ್ಟಾದ ಗಂಡಸಿನ ಭುಜ ತಟ್ಟಿದಳು.

"ಏಳ್ರಿ ಅಣ್ಣಾರ ಸ್ವಲ್ಪ. ನಮ್ಮ ಮಾಮಾ ಅದಾನ, ಕುಂದರ್ಲಿ."

ಅವನು ಎದ್ದ. ಇವರು ಕೂತರು. ಕನಕಗಿರಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಲೇ ಇದ್ದರು, ನಾನು ಕಂಡೂ ಕಾಣದ ಹಾಗೆ ಕಂಬಿ ಹಿಡಿದು ನಿಂತಿದ್ದೆ.