ಎರಡು ಬೀದಿ ಆಚೆ

ನನ್ನ ಗಂಡನಿಗೂ ಅವರ ಅಕ್ಕನಿಗೂ ಮೂರು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನಗುತ್ತೀರಿ: ತಾಯಿ ಬಿಟ್ಟುಹೋದ ಒಂದು ಹಳೇ ಮಂಚ. ಅತ್ತಿಗೆಯ ಮನೆ ನಮ್ಮಿಂದ ಎರಡು ಬೀದಿ ಆಚೆ, ಅಷ್ಟೇ. ಆದರೆ ಇಬ್ಬರದೂ ಒಂದೇ ಹಟ, ಎದುರಿನವರೇ ಮೊದಲು ಬಾಯಿ ಬಿಡಲಿ ಅಂತ. ನಾನು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಈ ನಡುವೆ ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡು ಆರಲೇ ಇಲ್ಲ. ಗ್ಯಾರೇಜಿಗೆ ಬಿಟ್ಟೆವು. ವಾರವಿಡೀ ಇವರು ಮನೆಯಲ್ಲೇ ಚಡಪಡಿಸಿದರು. ಕೊನೆಗೆ ಮೆಕ್ಯಾನಿಕ್ ನಮ್ಮಿಬ್ಬರನ್ನೂ ಕರೆಸಿಕೊಂಡ.

"ಹೊಗೆ ಶುದ್ಧ ಮಾಡೋ ಕನ್ವರ್ಟರ್ ಮಸಿ ಕಟ್ಟಿಬಿಟ್ಟಿತ್ತು ಅಮ್ಮ. ಎಂಜಿನ್ ಆಯಿಲ್ ಕುಡೀತಿದ್ರೆ, ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ರೆ, ಸೈಲೆನ್ಸರ್ ಪೈಪ್ ಎಲ್ಲಾದ್ರೂ ಸೋರ್ತಿದ್ರೆ ಹಿಂಗೆಲ್ಲ ಆಗುತ್ತೆ. ಎಲ್ಲಾ ನೋಡ್ದೆ, ಯಾವುದೂ ಅಲ್ಲ. ಈ ಗಾಡಿ ಮೈ ಬಿಸಿ ಆಗೋಷ್ಟು ದೂರ ಓಡೇ ಇಲ್ಲ. ಸ್ಟಾರ್ಟ್ ಮಾಡಿ ಒಂದೇ ಕಡೆ ನಿಲ್ಲಿಸಿಟ್ಕೋತೀರಾ?"

ನನಗೆ ಪಿತ್ತ ನೆತ್ತಿಗೇರಿತು. "ಏನ್ರೀ ಇದು? ದಿನಾ ಸಂಜೆ ಊರಾಚೆ ಸುತ್ತಿ ಬರ್ತೀನಿ ಅಂತ ಹೋಗ್ತಿದ್ರಲ್ಲ!"

ಇವರು ನೆಲ ನೋಡಿದರು. "ಅಕ್ಕನ ಮನೆ ಮುಂದೆ ನಿಲ್ಲಿಸ್ಕೊಂಡು ಕೂತಿರ್ತಿದ್ದೆ ಕಣೇ. ಇವತ್ತು ಮಾತಾಡಿಸೋಣ ಅನ್ಕೊಂಡೇ ಹೋಗ್ತಿದ್ದೆ. ಎಂಜಿನ್ ಆರಿಸಿದ್ರೆ ಇಳೀಲೇಬೇಕಲ್ಲ, ಅದಕ್ಕೇ ಆರಿಸ್ತಿರಲಿಲ್ಲ."

ಅಯ್ಯೋ ಪಾಪ ಅನ್ನಿಸಿಬಿಟ್ಟಿತು.

"ನಿಮ್ಮ ಹಟಕ್ಕಿಷ್ಟು ಬೆಂಕಿ ಹಾಕ! ನಡೀರಿ, ಈಗಲೇ ಹೋಗೋಣ," ಅಂದೆ.

ಅತ್ತಿಗೆಯ ಗೇಟು ತೆರೆದೇ ಇತ್ತು. ಪಕ್ಕದ ಮನೆಯವರು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಫೋನ್ ಹಿಡಿದಿದ್ದ ಸೊಸೆ, ಅಂದರೆ ಅತ್ತಿಗೆಯ ಮಗಳು, ನಮ್ಮನ್ನು ಕಂಡದ್ದೇ ಬಿಕ್ಕಿದಳು.

"ನಿಮಗೇ ಫೋನ್ ಮಾಡ್ತಿದ್ದೆ ಮಾಮ. ಡಾಕ್ಟರ್ ಬಂದು ನೋಡಿದ್ರು, ಅಮ್ಮನ ಜೀವ ಹೋಗಿದೆ ಅಂದ್ಬಿಟ್ರು. ಅಮ್ಮ ದಿನಾ ಕಿಟಕಿ ಹತ್ರ ಕೂತು ನಿಮ್ಮ ಕಾರನ್ನೇ ನೋಡೋರು. ಕರೀಲಾ ಅಂದ್ರೆ, 'ಬೇಡ, ಅವನೇ ಇಳಿದು ಬರಲಿ' ಅನ್ನೋರು. ಈ ವಾರ ಕಾರೇ ಕಾಣಲಿಲ್ಲ ನೋಡಿ. 'ನನ್ನ ತಮ್ಮನಿಗೆ ಹುಷಾರಿಲ್ವೇನೋ, ಆ ಮಂಚ ಹಾಳಾಗಿ ಹೋಗಲಿ, ನಾನೇ ಹೋಗ್ತೀನಿ' ಅಂತ ಅರ್ಧ ಗಂಟೆ ಹಿಂದೆ ಎದ್ದು ಹೊರಟ್ರು. ಗೇಟ್ ತೆಗೀತಾ ತೆಗೀತಾ ಕುಸಿದ್ಬಿಟ್ರು."

ಒಳಗೆ ಅತ್ತಿಗೆಯನ್ನು ಮಲಗಿಸಿದ್ದರು. ಇವರು ಪಕ್ಕದಲ್ಲಿ ಕುಕ್ಕರಿಸಿ ಆಕೆಯ ಕೈ ಹಿಡಿದುಕೊಂಡರು.

"ಅಕ್ಕಾ, ಇಳಿದು ಬಂದಿದ್ದೀನಿ ಕಣೇ," ಅಂದರು. "ಏಳೇ."